ದಾಕ್ಷಿಯ ದನಿ, ಇನ್ನಾರದೋ ಬೆರಳು

“ಬಾಗ್ಲಾ ತಗೀಪಾ ತಮ್ಮಾ,” ಅಂದಳು ದಾನವ್ವ.

ನನ್ನ ಸೈಬರ್ ಕೆಫೆಯ ಬಾಗಿಲು ಒಂಬತ್ತಕ್ಕೇ ತೆರೆದಿತ್ತು. ಅವಳು ಕೇಳಿದ್ದು ಆ ಬಾಗಿಲನ್ನಲ್ಲ. ಅಮ್ಮಿನಬಾವಿಯ ದಾನವ್ವನ ಬಾಯಲ್ಲಿ ‘ಬ್ಲಾಗು’ ಹೊರಳಿ ‘ಬಾಗ್ಲಾ’ ಆಗಿ ನಾಲ್ಕು ತಿಂಗಳಾಗಿತ್ತು. ತಿದ್ದಬೇಕೆಂದು ನನಗೆ ಅನ್ನಿಸಿರಲಿಲ್ಲ. ತಂಗಿಯ ಕಡೆಗೆ ಅವಳಿಗೆ ಉಳಿದಿದ್ದ ಬಾಗಿಲು ಅದೊಂದೇ.

ತಂಗಿ ದಾಕ್ಷಾಯಿಣಿ, ಮನೆಯವರ ಬಾಯಲ್ಲಿ ದಾಕ್ಷಿ, ಜಾನಪದ ಎಂ.ಎ. ಎರಡನೆಯ ವರ್ಷದವಳು. 2008ರ ಏಪ್ರಿಲಿನಲ್ಲಿ ಹಾಸ್ಟೆಲ್ಲಿನಿಂದ ಚೀಲ ಹೆಗಲಿಗೆ ಹಾಕಿಕೊಂಡು ಹೊರಟವಳು ಊರು ಮುಟ್ಟಲಿಲ್ಲ. ಈಗ ನವೆಂಬರು. ಹುಡುಗಿ ಸಿಕ್ಕಿರಲಿಲ್ಲ, ಅವಳ ಬ್ಲಾಗು ಮಾತ್ರ ನಿಂತಿರಲಿಲ್ಲ.

ದಾನವ್ವ ಮಂಗಳವಾರದ ಸಂತೆಗೆ ಮೆಂತೆ, ಕೊತ್ತಂಬರಿ ತರುವವಳು. ಬುಟ್ಟಿ ಖಾಲಿಯಾಯಿತೋ ಇಲ್ಲವೋ, ನೇರ ನನ್ನ ಮೂರನೆಯ ಕ್ಯಾಬಿನ್ನಿಗೆ ಬಂದು, ಸೆರಗು ಸರಿ ಮಾಡಿಕೊಂಡು ಪರದೆಯ ಮುಂದೆ ಕೂರುತ್ತಿದ್ದಳು. ಬೀಗರ ಮನೆಗೆ ಬಂದವರು ಕೂರುವ ಹಾಗೆ, ಕುರ್ಚಿಯ ತುದಿಯಲ್ಲಿ.

“ಪೋಸ್ಟು ಬಂದೈತೇನು?”

“ಬಂದೈತಿ ಅಕ್ಕಾರ. ನಿನ್ನೆ ಬಿದ್ದೈತಿ.”

“ಅಕಿ ದನೀಲೇ ಓದು ಮತ್ತ. ನಿಂದು ಕತ್ತಿ ದನಿ ಬ್ಯಾಡ.”

ಕತ್ತೆಯೋ ಖಡ್ಗವೋ ಎಂದು ನಾನು ಕೇಳಲಿಲ್ಲ. ನಮ್ಮ ಕಡೆ ಎರಡೂ ಕತ್ತಿಯೇ.

ದನಿ ತೆಗೆಯುವುದು ನನ್ನ ಹಳೆಯ ಚಟ. ಕಾಲೇಜಿನಲ್ಲಿದ್ದಾಗ ಪ್ರಿನ್ಸಿಪಾಲರ ದನಿಯಲ್ಲಿ ಹಾಸ್ಟೆಲ್ಲಿಗೆ ಫೋನು ಮಾಡಿ ರಜೆ ಘೋಷಿಸಿದ್ದೆ. ಆಮೇಲೆ ಅದೇ ಪ್ರಿನ್ಸಿಪಾಲರು ತಮ್ಮ ಸ್ವಂತ ದನಿಯಲ್ಲಿ ನನಗೊಬ್ಬನಿಗೇ ಎರಡು ವಾರದ ರಜೆ ಘೋಷಿಸಿದರು. ಆ ಚಟವೇ ಮುಂದೆ ಪತ್ತೇದಾರಿಕೆಗೆ ದಾರಿಯಾಯಿತು. ಊರಲ್ಲಿ ಯಾರದೇ ಎಮ್ಮೆ, ಎಮ್ಮೆಲ್ಲೆ ಕಳೆದರೂ ದುರ್ಗೇಶನ ಕೆಫೆಗೆ ಬನ್ನಿ ಎಂಬ ಹೆಸರು ಬಂತು. ಎಮ್ಮೆ ಎರಡು ಸಿಕ್ಕಿದ್ದವು.

ದಾಕ್ಷಿಯ ದನಿ ನನಗೆ ಸಿಕ್ಕಿದ್ದು ಅವಳ ಬ್ಲಾಗಿನಲ್ಲೇ. ಹೋದ ವರ್ಷ ಅವಳ ವಿಭಾಗದವರು ದಪ್ಪ ರೆಕಾರ್ಡು ಪುಸ್ತಕ ಬರೆಸುವುದನ್ನು ಬಿಟ್ಟರು. ಪ್ರತಿಯೊಬ್ಬರೂ ತಮ್ಮ ಓದನ್ನು ಅಂತರ್ಜಾಲದಲ್ಲೇ ಕೂಡಿಡಬೇಕು. ಬರಹಕ್ಕೆ ಬ್ಲಾಗು, ಫೋಟೋಗಳಿಗೆ ಆಲ್ಬಮ್ಮು, ಹಾಡು ಮಾತುಗಳಿಗೆ ಆಡಿಯೋ, ಓದಿದವರು ಕೆಳಗೆ ಕಮೆಂಟು ಹಾಕಬೇಕು. ಎಲ್ಲ ಸೇರಿ ‘ಡಿಜಿಟಲ್ ಪೋರ್ಟ್‌ಫೋಲಿಯೊ’. ಹುಡುಗರು ಅದನ್ನು ‘ಪೋರ್ಟ್‌ಪೋಲಿ’ ಅಂದರು. ಆ ಹೆಸರು ಇಟ್ಟ ಪೋಲಿ ನಾನೇ.

ದಾಕ್ಷಿಯ ಬ್ಲಾಗಿನ ಹೆಸರು ‘ಊರ ಮಾತು’. ನಿಮ್ಮ ಮನೆಯ ಮಾತಿನಲ್ಲೇ ಬರೆಯಿರಿ ಎಂದು ಮೇಡಂ ಹೇಳಿದ್ದರಂತೆ. ಅವಳು ಅಮ್ಮಿನಬಾವಿಯ ಒಂದೊಂದೇ ಪದ ಹಿಡಿದು ಮೂವತ್ತೊಂದು ಬರಹ ಬರೆದಿದ್ದಳು. ನೆಲದಡಿ ಜೋಳ ತುಂಬಿಡುವ ಹಗೇವಿನ ಬಗ್ಗೆ ಮೂರು ನಿಮಿಷ ಮಾತಾಡಿಯೂ ಹಾಕಿದ್ದಳು. ಆ ಮೂರು ನಿಮಿಷವನ್ನು ನಾನು ಇನ್ನೂರು ಸಲ ಕೇಳಿರಬೇಕು. ಸಾಲಿನ ಕೊನೆಯನ್ನು ಅರ್ಧ ನುಂಗುವುದು, ನಗು ಬಂದಾಗ ಮೂಗಿನಲ್ಲಿ ತಡೆಯುವುದು, ಎಲ್ಲ ನನ್ನ ಗಂಟಲಿಗೆ ಇಳಿದಿತ್ತು.

ಓದತೊಡಗಿದೆ.

“ಅಕ್ಕಾ, ನಾ ಇಲ್ಲೆ ಛಲೋ ಅದೇನಿ.”

“ಹೂಂ,” ಅಂದಳು ದಾನವ್ವ.

“ಚಳಿ ಭಾಳ ಐತಿ. ನೀ ಹೊಲಿದ ಕೌದಿ ನೆನಪಾಕ್ಕೈತಿ.”

“ಹೂಂ. ಒಯ್ಯ ಅಂದ್ರ ಒಯ್ಯಲಿಲ್ಲ, ಹಟಮಾರಿ.”

“ನೀ ರೊಟ್ಟಿ ಬಡಿಯೂ ಸಪ್ಪಳ ಕನಸಿನ್ಯಾಗ ಕೇಳತೈತಿ.”

ಈ ಸಲ ‘ಹೂಂ’ ಕೈಯಿಂದ ಬಂತು. ಅವಳ ಬಲಗೈ ತೊಡೆಯ ಮೇಲೆ ಮೆಲ್ಲಗೆ ಎರಡು ಸಲ ಬಡಿಯಿತು.

“ಚಿಂತಿ ಮಾಡಬ್ಯಾಡ. ದಿನಾ ಮುಂಜಾನೆದ್ದು ಓದ್ಲಿಕ್ಕತ್ತೇನಿ.”

ದನಿ ಅಲ್ಲಿ ಮುರಿಯಿತು.

ಕೊನೆಯ ಪದಕ್ಕೆ ನನ್ನ ಗಂಟಲಿಂದ ದಾಕ್ಷಿ ಹೊರಡಲಿಲ್ಲ. ಬೇರೊಬ್ಬಳು ಹೊರಟಳು. ನೀರು ತುಂಬಿದ ಹಿತ್ತಾಳೆಯ ಕೊಡವನ್ನು ಬೆರಳಿನಿಂದ ಮುಟ್ಟಿದಂತಹ ದನಿ. ಹನ್ನೆರಡು ವರ್ಷ ಹೆಣಗಿದರೂ ನನಗೆ ಒಲಿಯದಿದ್ದ ದನಿ.

“ಯಾಕಪಾ, ಗಂಟಲಾಗ ಏನ್ ಸಿಕ್ಕೊಂತು?”

“ಏನಿಲ್ಲ ಅಕ್ಕಾರ, ಕೆಮ್ಮು.”

ಕೆಮ್ಮಿ ತೋರಿಸಿದೆ. ಅದು ಸ್ವಂತದ್ದೇ ಕೆಮ್ಮು.

ಅಮ್ಮಿನಬಾವಿಯ ಹುಡುಗಿ ‘ಓದಾಕತ್ತೇನಿ’ ಅನ್ನುತ್ತಾಳೆ. ‘ಓದ್ಲಿಕ್ಕತ್ತೇನಿ’ ಅನ್ನುವುದು ನಮ್ಮ ಪೇಟೆಯ ಮಾಳಮಡ್ಡಿಯ ಓಣಿಗಳು. ಎರಡಕ್ಕೂ ನಡುವೆ ಬಸ್ಸಿನಲ್ಲಿ ಅರ್ಧ ತಾಸು, ನಾಲಗೆಯ ಮೇಲೆ ಏಳು ತಲೆಮಾರು.

ದಾನವ್ವನ ಚಪ್ಪಲಿಯ ಉಂಗುಷ್ಠ, ಹೆಬ್ಬೆರಳು ತೂರಿಸುವ ಪಟ್ಟಿ, ಕಿತ್ತುಹೋಗಿತ್ತು. ಹೊಲಿಸಿಕೊಂಡು ಬರುತ್ತೇನೆಂದು ಬುಟ್ಟಿ ನನ್ನಲ್ಲೇ ಇಟ್ಟು ಹೋದಳು. ಅವಳು ಮೆಟ್ಟಿಲಿಳಿದದ್ದೇ ತಡ, ನಾನು ದಾಕ್ಷಿಯ ಮೂವತ್ತೊಂದು ಬರಹಗಳನ್ನೂ ಒಂದೊಂದಾಗಿ ತೆಗೆದೆ. ನೋಡಾಕತ್ತೇನಿ, ಕೇಳಾಕತ್ತಾರ, ಬರ್ಯಾಕ ಕುಂತೇನಿ. ಒಂದು ಕಡೆಯೂ ‘ಲಿಕ್ಕ’ ಇಲ್ಲ.

ಅವಳು ಕಾಣೆಯಾದ ಮೇಲೆ ಬಂದದ್ದು ಏಳು ಬರಹ. ಬರೆದವರು ಬಹಳ ಎಚ್ಚರ ವಹಿಸಿದ್ದರು. ಮಾಳಮಡ್ಡಿಯ ‘ಅದ’ ಎಲ್ಲ ಕಡೆ ‘ಐತಿ’ ಆಗಿತ್ತು. ಆದರೆ ಆಗಸ್ಟಿನ ಬರಹದಲ್ಲಿ ಒಂದು ‘ಹೇಳ್ಲಿಕ್ಕೆ’, ನಿನ್ನೆಯದರಲ್ಲಿ ಒಂದು ‘ಓದ್ಲಿಕ್ಕತ್ತೇನಿ’. ಎರಡು ಸಲ ಕಾಲು ಜಾರಿತ್ತು. ಕಾಲಲ್ಲ, ನಾಲಗೆ. ನಾಲಗೆಯೂ ಅಲ್ಲ, ಬೆರಳು.

ಮೊದಲು ನನ್ನ ಸಂಶಯ ಹೋದದ್ದು ದಾಕ್ಷಿಯ ಹಾಸ್ಟೆಲ್ ಗೆಳತಿ ಜಯಾಳ ಮೇಲೆ. ಆದರೆ ಆ ಬೈರಿದೇವರಕೊಪ್ಪದ ಹುಡುಗಿ ನಿದ್ದೆಯಲ್ಲಿ ಕನವರಿಸಿದರೂ ‘ಆಕತ್ತೇನಿ’ ಎಂದೇ ಕನವರಿಸುವವಳು. ಪಾಪ, ಅವಳಿಗೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಫೋನು ತೆಗೆದುಕೊಂಡೆ.

ದಾಕ್ಷಿಯ ಇಂದು ಮೇಡಂ ಅರ್ಧ ತಾಸಿನಲ್ಲಿ ಬಂದರು.

ಮಾಳಮಡ್ಡಿಯ ಇಂದು ನನ್ನ ಬಿ.ಎ. ಸಹಪಾಠಿ. ಈಗ ದಾಕ್ಷಿಯ ವಿಭಾಗದಲ್ಲಿ ಉಪನ್ಯಾಸಕಿ. ಪೋರ್ಟ್‌ಫೋಲಿಯೊ ಅವಳದೇ ಕನಸಿನ ಕೂಸು. ಕಾಲೇಜಿನ ಮೂರು ವರ್ಷವೂ ಇಂದು ಮಾತಾಡಿಸಿಯಾಳು, ಇಂದು ಮಾತಾಡಿಸಿಯಾಳು ಎಂದು ಕಾದು ಇಂದುವಿಗೆ ನಾಳೆಯೇ ಇಲ್ಲವೆಂದು ತಿಳಿದವನು ನಾನು. ಇಡೀ ತರಗತಿಯ ದನಿ ತೆಗೆಯುತ್ತಿದ್ದೆ, ಅವಳದು ಮಾತ್ರ ಬರುತ್ತಿರಲಿಲ್ಲ. ದನಿ ಹಿಡಿಯಬೇಕಾದರೆ ಎದುರಿನವರ ಕೊರತೆ ಹಿಡಿಯಬೇಕು. ಅವಳಲ್ಲಿ ನನಗೆ ಕೊರತೆ ಕಂಡಿರಲಿಲ್ಲ.

“ಏನ್ರೀ ದುರ್ಗೇಶ, ಅರ್ಜಂಟ್ ಅಂದ್ರಿ? ಮತ್ತ ನಿಮ್ಮ ಮೌಸ್ ಸತ್ತಾವೇನು?”

“ಇಲಿ ಎಲ್ಲಾ ಆರಾಮ ಅದಾವ್ರಿ. ಒಂದು ಬೋನಿಗೆ ಬಿದ್ದೈತಿ.”

ಅವಳು ನಗುತ್ತಲೇ ಕುಳಿತಳು. ನಾನು ಪರದೆಯನ್ನು ಅವಳ ಕಡೆ ತಿರುಗಿಸಿ, ನಿನ್ನೆಯ ಬರಹದ ಕೊನೆಯ ಸಾಲನ್ನು ಓದಿದೆ. ಅವಳ ದನಿಯಲ್ಲಿ.

ನಗು ನಿಂತಿತು.

“ಬಂತಲ್ಲಾ,” ಅಂದಳು ಇಂದು, ಬಹಳ ಮೆಲ್ಲಗೆ. “ಹಿಂದಿನ ಬೆಂಚಿನ್ಯಾಗ ಕೂತು ನನ್ನ ದನಿ ತಗೀಲಿಕ್ಕೆ ಒದ್ದಾಡ್ತಿದ್ರಿ. ನನಗ ಕೇಳಸ್ತಿತ್ತು.”

“ಕೇಳಸ್ತಿತ್ತೇನು?”

“ದಿನಾ.”

ಆ ಒಂದು ಪದವನ್ನು ಹನ್ನೆರಡು ವರ್ಷದ ಹಿಂದೆ ಹೇಳಿದ್ದರೆ ನಾನು ಕೆಫೆ ಇಡುತ್ತಿರಲಿಲ್ಲ, ಬಹುಶಃ ಕವಿತೆ ಬರೆದು ಹಾಳಾಗುತ್ತಿದ್ದೆ. ನೀರು ಕುಡಿದು ಪತ್ತೇದಾರನ ಕುರ್ಚಿಗೆ ಮರಳಿದೆ.

“ಏಳೂ ನೀವ ಬರದದ್ದೇನ್ರಿ?”

“ಏಳೂ.”

“ಯಾಕ?”

ಇಂದು ಓಢಣಿಯ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. “ಜೂನಿನ್ಯಾಗ ದಾನವ್ವ ಪ್ರತಿ ಮಂಗಳವಾರ ವಿಭಾಗದ ಕಟ್ಟೀಮ್ಯಾಲೆ ಕೂಡ್ತಿದ್ಲು. ನನ್ನ ಕಂಡ ಕೂಡ್ಲೆ ಏಳ್ತಿದ್ಲು. ‘ನಮ್ಮ ದಾಕ್ಷಿ ಕಂಪ್ಯೂಟರಿನ್ಯಾಗ ಏನರೆ ಅಂದಾಳೇನ್ರಿ ಮೇಡಂ?’ ಮೂರು ವಾರ ಇಲ್ಲ ಅಂದೆ. ನಾಲ್ಕನೇ ವಾರ ಇಲ್ಲ ಅನ್ಲಿಕ್ಕೆ ನಾಲಿಗಿ ಹೊರಳಲಿಲ್ಲ. ಅವತ್ತ ಹೋಗಿ ನಾಕು ಸಾಲು ಬರದೆ.”

“ಪಾಸ್‌ವರ್ಡು ಹೆಂಗ ಸಿಕ್ಕಿತು?”

“ಎಲ್ಲಾ ಹುಡುಗರದೂ ನನ್ನ ರಜಿಸ್ಟರಿನ್ಯಾಗ ಅದ. ಮಾರ್ಕ್ಸ್ ಹಾಕ್ಲಿಕ್ಕೆ ಬೇಕಂತ ಬರಸ್ಕೊಂಡಿದ್ದೆ.”

ಗುಪ್ತಪದವನ್ನು ಹಾಜರಿ ಪುಸ್ತಕದಲ್ಲಿ ಬರೆಸಿಕೊಂಡ ವಿಭಾಗ ಭೂಮಂಡಲದಲ್ಲಿ ಅದೊಂದೇ ಇದ್ದೀತು. ಗುಪ್ತವೂ ಅಲ್ಲ, ಪದವೂ ಅಲ್ಲ. ಎಲ್ಲರದೂ ಅವರವರ ರೋಲ್ ನಂಬರು.

“ಇಂದು ಅವರ, ನಿಮ್ಮ ನಾಕು ಸಾಲು ಏನ್ ಮಾಡ್ಯಾವ ಗೊತ್ತೈತೇನ್ರಿ?” ನನ್ನ ದನಿ ನನಗೇ ಗೊತ್ತಿಲ್ಲದಷ್ಟು ಗಟ್ಟಿಯಾಯಿತು. “ದಾನವ್ವ ದೂರು ಕೊಟ್ಟಿದ್ಲು. ಠಾಣ್ಯಾಗ ಎರಡು ತಿಂಗಳು ಹುಡುಕಿದ್ರು. ಜುಲೈದಾಗ ಯಾರೋ ಈ ಬ್ಲಾಗ್ ತೋರಿಸಿದ್ರು. ‘ಇಲ್ಲೇ ಬರ್ಯಾಕತ್ತಾಳಲ್ಲವ್ವಾ, ನಾಪತ್ತಿ ಎಲ್ಲಿ ಆಗ್ಯಾಳ? ತಾನಾಗೇ ಹೋದಾಕಿ ತಾನಾಗೇ ಬರ್ತಾಳ’ ಅಂತ ಫೈಲ್ ಮುಚ್ಚಿದ್ರು. ಆಮ್ಯಾಲೆ ಅಕಿ ನನ್ನ ಕಡೆ ಬಂದ್ಲು.”

“ಫೈಲ್ ಮುಚ್ಚಿದ್ರೇನು?”

“ಮುಚ್ಚಿದ್ರು. ದಾಕ್ಷಿ ಬದುಕ್ಯಾಳ ಅನ್ನಾಕ ಸಾಕ್ಷಿ ಐತಂತ. ಆ ಸಾಕ್ಷಿ ನೀವು.”

ಅವಳಿಗೆ ಇದು ನಿಜಕ್ಕೂ ಗೊತ್ತಿರಲಿಲ್ಲ. ಗೊತ್ತಿದ್ದವರ ಮುಖ ಹಾಗೆ ಬಣ್ಣ ಕಳೆದುಕೊಳ್ಳುವುದಿಲ್ಲ. ಆದರೆ ಒಂದು ಸಂಗತಿ ನನ್ನ ಲೆಕ್ಕಕ್ಕೆ ಕೂಡಲಿಲ್ಲ. ದಾಕ್ಷಿ ಬದುಕಿದ್ದಾಳೋ ಇಲ್ಲವೋ ಎಂದು ಅವಳು ಒಮ್ಮೆಯೂ ನನ್ನನ್ನು ಕೇಳಲಿಲ್ಲ.

“ಈಗ ಬರೀತೇನಿ,” ಅಂದಳು. “ಈ ಏಳೂ ನನ್ನವು ಅಂತ ಇಲ್ಲೇ ಬರದು ಹಾಕ್ತೇನಿ. ನೀವು ಅದನ್ನ ಪ್ರಿಂಟ್ ತಗದು ಠಾಣಾಕ್ಕ ಒಯ್ರಿ.”

ಕುರ್ಚಿ ಎಳೆದುಕೊಂಡು ರೋಲ್ ನಂಬರು ಒತ್ತಿದಳು. ಪಾಸ್‌ವರ್ಡು ತಪ್ಪು ಎಂದು ಬಂತು. ಮತ್ತೆ ಒತ್ತಿದಳು. ತಪ್ಪು. ಮೂರನೆಯ ಸಲ ಒಂದೊಂದೇ ಅಂಕಿಯನ್ನು ಬಾಯಲ್ಲಿ ಹೇಳುತ್ತ ಒತ್ತಿದಳು.

“ನಿನ್ನೆ ಸಂಜೀ ನಾಲ್ಕಕ್ಕ ಇದನ್ನ ಹಾಕಿ ಒಳಗ ಹೋಗೇನ್ರಿ ದುರ್ಗೇಶ!”

“ಅಂದ್ರ ಆಮ್ಯಾಲೆ ಯಾರೋ ಬದಲಿ ಮಾಡ್ಯಾರ. ದಾಕ್ಷಿ ಮೇಲ್‌ನ ಪಾಸ್‌ವರ್ಡೂ ನಿಮ್ಮ ರಜಿಸ್ಟರಿನ್ಯಾಗ ಐತೇನು?”

“ಇಲ್ಲ. ಬ್ಲಾಗಿಂದಷ್ಟ.”

ಬ್ಲಾಗಿನ ಕೀಲಿ ಬದಲಿಸಬೇಕಾದರೆ ದಾಕ್ಷಿಯ ಮೇಲ್ ತೆರೆಯಬೇಕು. ಮೇಲ್ ತೆರೆಯಬಲ್ಲವಳು ದಾಕ್ಷಿ, ಇಲ್ಲವೇ ಅವಳ ಮೇಲ್ ವಶಪಡಿಸಿಕೊಂಡವರು ಯಾರೋ.

ಪುಟವನ್ನು ರಿಫ್ರೆಶ್ ಮಾಡಿದೆ. ಏನಾದರೂ ಮಾಡಬೇಕಲ್ಲ ಎಂದು ಮಾಡಿದೆ, ಅಷ್ಟೇ.

ನಿನ್ನೆಯ ಬರಹ ಇರಲಿಲ್ಲ.

ಬದಿಯ ಪಟ್ಟಿಯಲ್ಲಿ ಮೂವತ್ತೆಂಟು ಇದ್ದದ್ದು ಮೂವತ್ತೇಳಾಗಿತ್ತು. ಮತ್ತೆ ಒತ್ತಿದೆ. ಮೂವತ್ತಾರು. ನಿನ್ನೆಯ ಕೌದಿ, ರೊಟ್ಟಿಯ ಸಪ್ಪಳದ ಹಿಂದೆಯೇ ಆಗಸ್ಟೂ ಹೋಯಿತು. ಯಾರೋ ಎಲ್ಲೋ ಕುಳಿತು, ಜೋಳದಲ್ಲಿ ಕಲ್ಲು ಆರಿಸಿದ ಹಾಗೆ, ಇಂದು ಬರೆದದ್ದನ್ನಷ್ಟೇ ಆರಿಸಿ ಎಸೆಯುತ್ತಿದ್ದರು. ಮೂವತ್ತೊಂದಕ್ಕೆ ಬಂದು ಎಣಿಕೆ ನಿಂತಿತು. ಹಗೇವಿನ ಬರಹ ಮೇಲೆ ಬಂದು ಕುಳಿತಿತ್ತು.

“ಯಾರಿವರು? ಯಾಕ ಬಾಯಿ ತಗದು ಕುಂತೀರಿ?” ಹಿಂದಿನಿಂದ ದಾನವ್ವನ ದನಿ. ಹೊಲಿದ ಚಪ್ಪಲಿ ಕಾಲಲ್ಲಿತ್ತು. “ಯವ್ವಾ, ಇಂದು ಮೇಡಮ್ಮರು! ಶರಣ್ರಿ.”

ಮುಚ್ಚಿಡುವ ಆಸೆ ಆಯಿತು. ನಾಲ್ಕು ತಿಂಗಳ ಮಂಗಳವಾರಗಳು ಕಣ್ಣ ಮುಂದೆ ಬಂದವು. ಆದರೆ ಅವಳಿಂದ ಮುಚ್ಚಿಟ್ಟಿದ್ದು ಆಗಲೇ ಏಳು ಇದ್ದವು, ಎಂಟನೆಯದು ಬೇಡ.

“ಅಕ್ಕಾರ, ನಾ ನಿಮಗ ಓದಿದ್ದು ದಾಕ್ಷಿ ಬರದದ್ದಲ್ಲ. ಮೇಡಮ್ಮರು ಬರದದ್ದು.”

ದಾನವ್ವ ಇಂದುವನ್ನು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ಪರದೆಯನ್ನು.

“ಹಂಗಾರ ಇಷ್ಟ ದಿನಾ ನಾ ಯಾರಿಗೆ ಹೂಂ ಅಂದೆ?”

ಪಕ್ಕದ ಕ್ಯಾಬಿನ್ನಿನಲ್ಲಿ ಯಾರೋ ಪ್ರಿಂಟು ಬೇಕೆಂದು ಕೂಗಿದರು. ನಿಲ್ಲಪಾ ಎಂದು ಗದರಿದೆ.

“ಆದ್ರ ಅಕ್ಕಾರ, ಈಗ ಅವನ್ನ ಯಾರೋ ಅಳಿಸ್ಯಾರ. ನಮ್ಮ ಕಣ್ಣೆದುರ್ಗೆ. ದಾಕ್ಷಿ ಇರಬೇಕು. ಇಲ್ಲಾ ಅಕಿ ಮೇಲ್ ಕೈಯಾಗ ಇಟ್ಕೊಂಡವ್ರು ಇರಬೇಕು.”

“ಈಗಂದ್ರ? ಈ ಗಳಿಗಿಗೆ?”

“ಈ ಗಳಿಗಿಗೆ.”

ದಾನವ್ವ ಕುರ್ಚಿಯಲ್ಲಿ ಕುಳಿತಳು. ಈ ಸಲ ತುದಿಯಲ್ಲಲ್ಲ.

“ಹಂಗಾರ ಮಾತಾಡಸ್ರಿ ಲಗೂನ. ಹೊಂಟು ಹೋದಾಳು.”

ಹಗೇವಿನ ಬರಹದ ಕೆಳಗೆ ಕಮೆಂಟಿನ ಜಾಗ ತೆರೆದೆ. ಕೀಬೋರ್ಡಿನ ಮುಂದೆ ಇಂದು ಕುಳಿತಿದ್ದಳು. ಏಳಲು ನೋಡಿದಳು. ದಾನವ್ವ ಅವಳ ಮೊಣಕೈ ಹಿಡಿದಳು.

“ನೀವ ಬರೀರಿ ಮೇಡಂ. ಇಷ್ಟ ದಿನಾ ಅಕಿ ಆಗಿ ನನಗ ಬರದೀರಿ. ಇವತ್ತೊಂದಿನ ನಾನಾಗಿ ಅಕೀಗೆ ಬರೀರಿ.”

ಇಂದು ಮತ್ತೆ ಕುಳಿತಳು. ಬರೆದಳು.

“ದಾಕ್ಷಿ, ನಾ ದಾನಕ್ಕ ಅದೇನಿ. ಊಟ ಆತೇನು?”

ಕಳಿಸಿದೆವು. ಕಾದೆವು. ರಿಫ್ರೆಶ್ ಮಾಡಿದೆ. ಉತ್ತರ ಇಲ್ಲ. ಎರಡು ನಿಮಿಷ, ಐದು ನಿಮಿಷ. ದಾನವ್ವನ ಸಾಲು ಹಾಗೆಯೇ ಕುಳಿತಿತ್ತು.

“ಏನಂತಾಳ?”

“ಏನೂ ಅಂದಿಲ್ಲ. ಆದ್ರ ಅಳಿಸಿಲ್ಲ ಅಕ್ಕಾರ. ಇಟ್ಕೊಂಡಾಳ.”

“ಇಟ್ಕೊಳ್ಳಿ, ಇಟ್ಕೊಳ್ಳಿ.” ದಾನವ್ವನ ಮುಖ ಹಿಗ್ಗಿತು. “ಸಣ್ಣಾಕಿದ್ದಾಗೂ ಹಿಂಗ. ಸಿಟ್ಟು ಬಂದ್ರ ಮಾತಾಡಾಂಗಿಲ್ಲ, ಬಾಗಲಾ ಸಂದ್ಯಾಗ ನಿಂತು ಕೇಳತಿರತಾಳ. ಬರೀರಿ ಮತ್ತ. ಹೊಲದಾಗ ಕಡ್ಲಿ ಬಿತ್ತೇವಿ. ನಿನ್ನ ಯಾರೂ ಬೈಯಾಂಗಿಲ್ಲ, ನಾ ಅದೇನಿ. ನಿಮ್ಮ ಇಂದು ಮೇಡಮ್ಮೂ ಇಲ್ಲೇ ನನ್ನ ಮಗ್ಗಲಕ್ಕ ಕುಂತಾರ. ಅವರ ಬರದು ಕೊಡಾಕತ್ತಾರ.”

ಇಂದು ಬರೆದಳು. ಕಡಲೆ ಬಂತು, ಬೈಯುವುದಿಲ್ಲ ಎಂಬುದು ಬಂತು. ಅಲ್ಲಿಗೆ ಕೈ ಮೌಸಿನ ಕಡೆ ಹೋಯಿತು.

ದಾನವ್ವನಿಗೆ ಓದು ಬಾರದು. ನನಗೆ ಬರುತ್ತದೆ.

“ಮೇಡಮ್ಮರ, ಒಂದು ಸಾಲು ಬಿಟ್ರಿ.”

“ಅದ್ಯಾಕ ಬೇಕು, ಬಿಡ್ರಿ…”

“ಅಕ್ಕಾರು ಹೇಳ್ಯಾರ. ಬರೀರಿ.”

ಅವಳು ನನ್ನ ಕಡೆ ತಿರುಗಿದಳು. ಹನ್ನೆರಡು ವರ್ಷದಲ್ಲಿ ಮೊದಲ ಸಲ ಆ ಕಣ್ಣು ನನ್ನಿಂದ ಏನನ್ನೋ ಬೇಡುತ್ತಿದ್ದವು. ಅವು ಬೇಡಿದ್ದು ಬೇರೆ ಏನೇ ಆಗಿದ್ದರೂ ಕೊಟ್ಟುಬಿಡುತ್ತಿದ್ದೆ. ನಾನು ಪರದೆಯತ್ತ ಬೆರಳು ತೋರಿಸಿದೆ.

ತನ್ನ ಹೆಸರನ್ನು ತಾನೇ ಬರೆದು, ಇಂದು ಕಳಿಸುವ ಗುಂಡಿ ಒತ್ತಿದಳು.

ರಿಫ್ರೆಶ್ ಮಾಡಿದೆ. ಕಮೆಂಟು ಬಂದಿತ್ತು. ಇನ್ನೊಮ್ಮೆ ಮಾಡಿದೆ. ಇತ್ತು. ಮೂರನೆಯ ಸಲ ಪರದೆ ಬೆಳ್ಳಗಾಯಿತು. ಹಗೇವು ಇಲ್ಲ, ಮೂವತ್ತೊಂದು ಬರಹ ಇಲ್ಲ, ಮೂರು ನಿಮಿಷದ ದನಿಯೂ ಇಲ್ಲ. ಈ ಹೆಸರಿನ ಬ್ಲಾಗು ಇಲ್ಲ ಎಂಬ ಒಂದೇ ಒಂದು ಸಾಲು.

“ಏನಾತು ತಮ್ಮಾ? ಯಾಕ ಬೆಳ್ಳಗಾತು?”

“ಅಳಿಸಿದ್ಲು ಅಕ್ಕಾರ. ಎಲ್ಲಾ.”

ನಮ್ಮ ಮಾತಿನಲ್ಲಿ ಒರೆಸಿ ಹಾಕುವುದಕ್ಕೂ ಕಣ್ಣೀರು ತರಿಸುವುದಕ್ಕೂ ಅದೊಂದೇ ಪದ. ಬೇರೆ ದಿನವಾಗಿದ್ದರೆ ಅದರ ಮೇಲೆ ಒಂದು ವಾರ ಬದುಕುತ್ತಿದ್ದೆ.

ದಾನವ್ವ ಅಳಲಿಲ್ಲ.

“ಅಳಿಸ್ಯಾಳಂದ್ರ ಓದ್ಯಾಳ,” ಅಂದಳು. “ಓದ್ಯಾಳಂದ್ರ ಅದಾಳ.”

ಆಮೇಲೆ ಇಡೀ ಮೈಯನ್ನು ಇಂದುವಿನ ಕಡೆ ತಿರುಗಿಸಿ ಕುಳಿತಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗೌರವವೂ ಕಡಿಮೆಯಾಗಿರಲಿಲ್ಲ.

“ನನ್ನ ಹೆಸರು ಹೇಳಿದಾಗ ಸುಮ್ಮನಿದ್ಲು. ನಿಮ್ಮ ಹೆಸರು ಕಂಡ ಕೂಡ್ಲೆ ಯಾಕ ಅಳಿಸಿದ್ಲರೀ ಮೇಡಂ?”

ಇಂದುವಿನ ಓಢಣಿಯ ಅಂಚು ಬೆರಳಿಗೆ ಬಿಗಿದು ಉಗುರಿನ ತುದಿ ಬಿಳಿಚಿತ್ತು.

“ಹೋಗು ಅಂದಾಕಿ ನಾನ, ದಾನವ್ವಾ,” ಅಂದಳು. “ಯಾರ ಮುಂದೂ ಬಾಯಿ ಬಿಡೂದಿಲ್ಲ ಅಂತ ಅಕೀಗೆ ಮಾತು ಕೊಟ್ಟು, ಎಲ್ಲಿಗೆ ಹೋಗಬೇಕು ಅನ್ನೂದನ್ನೂ ನಾನ ಹೇಳಿದ್ದೆ.”